ನೋವಿನಲ್ಲಿರುವವರ ನಿದ್ದೆಯನ್ನು ವಾಚಿನಿಂದ ಅಳೆಯುವುದು: 14 ರಾತ್ರಿಗಳ ಮಾರ್ಗದರ್ಶಿ

ಅಮ್ಮನಿಗೆ ಸಂಧಿವಾತ ಶುರುವಾಗಿ ಹನ್ನೊಂದು ವರ್ಷವಾಯಿತು. ಎರಡು ವರ್ಷದ ಹಿಂದೆ ಅವಳ ಕೈಗೊಂದು ಸ್ಮಾರ್ಟ್‌ವಾಚ್ ಕಟ್ಟಿದೆ. ಮೊದಲ ಬೆಳಿಗ್ಗೆ ಫೋನ್ ತೆಗೆದು ನೋಡಿದರೆ 7 ಗಂಟೆ 40 ನಿಮಿಷ ನಿದ್ದೆ ಎಂದು ತೋರಿಸಿತು. ಸಂತೋಷದಿಂದ ಅವಳಿಗೆ ಹೇಳಿದೆ. ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದ ಅಮ್ಮ, "ಎಲ್ಲಿಯ ನಿದ್ದೆ ಕಣೋ? ನಡುಮನೆ ಗಡಿಯಾರ ಎರಡು ಹೊಡೆದದ್ದು, ಮೂರು ಹೊಡೆದದ್ದು ಎಲ್ಲಾ ಎಣಿಸಿದ್ದೀನಿ. ಮಗ್ಗುಲು ಬದಲಿಸಿದರೆ ಭುಜ ಕಿತ್ತುಬರುತ್ತೆ, ಅದಕ್ಕೇ ಅಲ್ಲಾಡದೆ ಬಿದ್ದಿದ್ದೆ" ಅಂದಳು.

ಅಲ್ಲಾಡದೆ ಬಿದ್ದಿದ್ದನ್ನೇ ವಾಚು ನಿದ್ದೆಯ ಲೆಕ್ಕಕ್ಕೆ ಬರೆದುಕೊಂಡಿತ್ತು. ಬೆನ್ನುನೋವು, ಕೀಲುನೋವು, ಮೈಯೆಲ್ಲ ನೋಯುವ ಫೈಬ್ರೊಮಯಾಲ್ಜಿಯಾ, ನರದ ನೋವು ಹೀಗೆ 3 ತಿಂಗಳಿಗಿಂತ ಹೆಚ್ಚು ಕಾಲ ಉಳಿದುಕೊಂಡ ಅಥವಾ ಮರಳಿ ಮರಳಿ ಬರುವ ನೋವನ್ನು ವೈದ್ಯರು ದೀರ್ಘಕಾಲದ ನೋವು ಎನ್ನುತ್ತಾರೆ. ಅಂಥವರು ವಾಚನ್ನಾಗಲಿ ನಿದ್ದೆ ಅಳೆಯುವ ರಿಂಗನ್ನಾಗಲಿ ಹಾಕಿಕೊಂಡಾಗ ಎದುರಾಗುವ ಮೊದಲ ತೊಡಕೇ ಇದು. ಹಾಗೆಂದು ವಾಚನ್ನು ಮೂಲೆಗೆಸೆಯಬೇಕಾಗಿಲ್ಲ. ಅದರ ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟು, ಎರಡನ್ನೂ ಒಂದಕ್ಕೊಂದು ಸಾಕ್ಷಿಯಾಗಿ ಓದಲು ಕಲಿತರೆ ವೈದ್ಯರ ಮುಂದೆ ಇಡಬಹುದಾದ ಮಾಹಿತಿ ಸಿಗುತ್ತದೆ. ನಾವು ಮನೆಯಲ್ಲಿ ಮಾಡಿ ಕಲಿತ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು, ವಾಚಿಗೆ ಏನು ಗೊತ್ತಾಗುತ್ತದೆ

ವಾಚಿನೊಳಗೆ ಮೂರು ದಿಕ್ಕಿನ ಚಲನೆಯನ್ನು ಗ್ರಹಿಸುವ ಅಕ್ಸೆಲರೋಮೀಟರ್ ಇರುತ್ತದೆ. ಕೈ ಎಷ್ಟು ಅಲುಗಿತು ಎಂಬುದನ್ನು ನಿಮಿಷ ನಿಮಿಷಕ್ಕೂ ಲೆಕ್ಕ ಹಾಕಿ, ಅದರ ಮೇಲೆ ಇದು ನಿದ್ದೆ, ಇದು ಎಚ್ಚರ ಎಂದು ತೀರ್ಮಾನಿಸುವ ವಿಧಾನಕ್ಕೆ ಆಕ್ಟಿಗ್ರಫಿ ಎಂದು ಹೆಸರು. ಇದಕ್ಕಾಗಿ ರೋಜರ್ ಕೋಲ್, ಡೇನಿಯಲ್ ಕ್ರಿಪ್ಕೆ ಮತ್ತು ಅವರ ಜೊತೆಗಾರರು 1992ರಲ್ಲಿ ಪ್ರಕಟಿಸಿದ ಸೂತ್ರ ಸಂಶೋಧಕರ ಬಳಕೆಯಲ್ಲಿ ಇಂದಿಗೂ ಇದೆ. ಈಗಿನ ವಾಚುಗಳು ಇದರ ಜೊತೆಗೆ ಚರ್ಮದ ಮೇಲೆ ಹಸಿರು ಬೆಳಕು ಹಾಯಿಸಿ, ರಕ್ತದ ಹರಿವಿನ ಏರಿಳಿತದಿಂದ ಹೃದಯ ಬಡಿತವನ್ನೂ ಅಳೆಯುತ್ತವೆ.

ಆಸ್ಪತ್ರೆಯ ನಿದ್ದೆ ಪರೀಕ್ಷೆ, ಅಂದರೆ ಪಾಲಿಸೋಮ್ನೋಗ್ರಫಿ, ಬೇರೆಯದೇ ರೀತಿಯದು. ಅಲ್ಲಿ ಮೆದುಳಿನ ವಿದ್ಯುತ್ ಅಲೆ, ಕಣ್ಣಿನ ಚಲನೆ, ಗಲ್ಲದ ಸ್ನಾಯುಗಳ ಬಿಗಿತ, ಉಸಿರಾಟ ಎಲ್ಲವನ್ನೂ ದಾಖಲಿಸಿ, 30 ಸೆಕೆಂಡಿನ ತುಣುಕುಗಳಾಗಿ ಒಂದೊಂದನ್ನೇ ಓದುತ್ತಾರೆ. ಆ ಪರೀಕ್ಷೆಯ ಪಕ್ಕದಲ್ಲಿ ಮಣಿಕಟ್ಟಿನ ಆಕ್ಟಿಗ್ರಫಿಯನ್ನು ಇಟ್ಟು ನೋಡಿದ 2013ರ ಒಂದು ಅಧ್ಯಯನದಲ್ಲಿ, ನಿಜವಾಗಿ ನಿದ್ದೆಯಿದ್ದ ಹೊತ್ತಿನ ಶೇ 96ಕ್ಕಿಂತ ಹೆಚ್ಚನ್ನು ಸಾಧನ ನಿದ್ದೆ ಎಂದೇ ಗುರುತಿಸಿತು. ಎಚ್ಚರವಿದ್ದ ಹೊತ್ತಿನಲ್ಲಿ ಅದು ಸರಿಯಾಗಿ ಹಿಡಿದದ್ದು ಸುಮಾರು ಶೇ 33ನ್ನು ಮಾತ್ರ. ಹೃದಯ ಬಡಿತವನ್ನೂ ಸೇರಿಸಿಕೊಳ್ಳುವ ಹೊಸ ಸಾಧನಗಳು ಇದಕ್ಕಿಂತ ವಾಸಿ. ಆದರೂ ಅವುಗಳ ವಾಲು ನಿದ್ದೆಯ ಕಡೆಗೇ. ಅಲುಗಾಡಿದರೆ ನೋಯುತ್ತದೆಂದು ಉಸಿರು ಬಿಗಿಹಿಡಿದು ಮಲಗಿದವರ ಲೆಕ್ಕ ಈ ವಾಲಿನಿಂದಾಗಿಯೇ ತಪ್ಪುತ್ತದೆ.

ಇನ್ನೊಂದು ಸಂಗತಿಯೂ ಇದೆ. 1975ರಲ್ಲಿ ಟೊರಾಂಟೊದ ಹಾರ್ವಿ ಮೋಲ್ಡೋಫ್ಸ್ಕಿ ಮತ್ತು ಸಂಗಡಿಗರು, ಇಂದು ಫೈಬ್ರೊಮಯಾಲ್ಜಿಯಾ ಎಂದು ಕರೆಯುವ ನೋವಿನ ರೋಗಿಗಳ ಗಾಢ ನಿದ್ದೆಯಲ್ಲಿ ಎಚ್ಚರದ ಹೊತ್ತಿನ ಆಲ್ಫಾ ಅಲೆಗಳು ಬೆರೆತಿರುವುದನ್ನು ಕಂಡರು. ಆರೋಗ್ಯವಂತರ ಗಾಢ ನಿದ್ದೆಯನ್ನು ಶಬ್ದ ಮಾಡಿ ಮತ್ತೆ ಮತ್ತೆ ಕದಡಿದಾಗ ಅವರಿಗೂ ಮೈಕೈ ನೋವು ಕಾಣಿಸಿಕೊಂಡಿತು. ಎಂಟು ಗಂಟೆ ಮಲಗಿದರೂ ಮೈಯೆಲ್ಲ ಕುಟ್ಟಿಹಾಕಿದ ಹಾಗಿದೆ ಎನ್ನುವವರ ಮಾತಿಗೆ ಇಂಥ ಆಧಾರವಿದೆ. ಮಣಿಕಟ್ಟಿನ ಸಾಧನಕ್ಕೆ ಮೆದುಳಿನ ಅಲೆ ಕಾಣುವುದಿಲ್ಲ. ಆದ್ದರಿಂದ ವಾಚಿನಲ್ಲಿ "ಆಳ ನಿದ್ದೆ 1 ಗಂಟೆ 20 ನಿಮಿಷ" ಎಂದು ಕಂಡರೆ ಅದನ್ನು ಊಹೆಯೆಂದೇ ತಿಳಿಯಿರಿ. ಅದನ್ನು ತೋರಿಸಿ "ನಿನಗೇನೂ ಆಗಿಲ್ಲ, ಚೆನ್ನಾಗೇ ಮಲಗಿದ್ದೀಯ" ಎಂದು ನೋವಿರುವವರಿಗೆ ದಯವಿಟ್ಟು ಹೇಳಬೇಡಿ. ಆ ತಪ್ಪನ್ನು ನಾನು ಮಾಡಿದ್ದೆ.

ಹೆಜ್ಜೆ 1: ಯಾವ ಸಾಧನ, ಯಾವ ಕೈ

ದುಬಾರಿಯದೇ ಬೇಕೆಂದಿಲ್ಲ. ನೋಡಬೇಕಾದ್ದು ಮೂರು: ರಾತ್ರಿಯ ಹೃದಯ ಬಡಿತದ ಗೆರೆಯನ್ನು ಪೂರ್ತಿ ತೋರಿಸಬೇಕು, ಮಲಗಿದ ಮತ್ತು ಎದ್ದ ಸಮಯವನ್ನು ಕೈಯಿಂದ ತಿದ್ದಲು ಬಿಡಬೇಕು, ಮಾಹಿತಿಯನ್ನು ಫೈಲ್ ಆಗಿ ಹೊರತೆಗೆಯಲು ಬರಬೇಕು.

ಸಾಮಾನ್ಯವಾಗಿ ಕಡಿಮೆ ಬಳಸುವ ಕೈಗೆ, ಅಂದರೆ ಬಲಗೈಯವರು ಎಡಗೈಗೆ ಕಟ್ಟಿಕೊಳ್ಳುತ್ತಾರೆ. ನೋವಿರುವವರು ಇದರ ಜೊತೆ ಇನ್ನೊಂದನ್ನು ಯೋಚಿಸಬೇಕು. ಒಂದು ಭುಜ ಹಿಡಿದುಕೊಂಡು ಆ ಕೈ ರಾತ್ರಿಯೆಲ್ಲ ಒಂದೇ ಕಡೆ ಬಿದ್ದಿರುತ್ತದೆ ಎಂದಾದರೆ, ಆ ಕೈಗೆ ಕಟ್ಟಿದ ವಾಚು ಎಚ್ಚರವನ್ನೂ ನಿದ್ದೆ ಎನ್ನುತ್ತದೆ. ಸಲೀಸಾಗಿ ಆಡುವ ಕೈಗೇ ಕಟ್ಟಿ. ಒಮ್ಮೆ ಆರಿಸಿದ ಮೇಲೆ ಕೈ ಬದಲಿಸಬೇಡಿ.

ರಿಂಗ್ ಹಗುರ, ನಿದ್ದೆಗೆ ಅಡ್ಡಿ ಕಡಿಮೆ. ಫಿನ್‌ಲೆಂಡಿನ ಔರಾ, ಬೆಂಗಳೂರಿನ ಅಲ್ಟ್ರಾಹ್ಯೂಮನ್ ಎರಡೂ ಇಂಥವನ್ನು ಮಾಡುತ್ತವೆ. ಆದರೆ ಸಂಧಿವಾತದಲ್ಲಿ ಬೆಳಗಿನ ಜಾವ ಬೆರಳು ಊದಿಕೊಳ್ಳುವುದುಂಟು. ಗಟ್ಟಿ ಉಂಗುರ ಬೆರಳಿನಲ್ಲಿ ಸಿಕ್ಕಿಕೊಂಡರೆ ಅಪಾಯ. ಅಂಥವರಿಗೆ ರಿಂಗ್ ಬೇಡವೆಂದೇ ನನ್ನ ಅಭಿಪ್ರಾಯ. ಫೈಬ್ರೊಮಯಾಲ್ಜಿಯಾ ಇರುವ ಕೆಲವರಿಗೆ ಬಟ್ಟೆ ಸೋಕಿದರೂ ಉರಿ. ಅವರಿಗೆ ರಬ್ಬರ್ ಪಟ್ಟಿಗಿಂತ ಮೆತ್ತನೆಯ ನೇಯ್ದ ಪಟ್ಟಿ ಒಳ್ಳೆಯದು. ಅದೂ ಆಗದಿದ್ದರೆ ಹಾಸಿಗೆಯ ಕೆಳಗಿಡುವ ಸೆನ್ಸರ್ ಮ್ಯಾಟ್‌ಗಳಿವೆ. ಪಕ್ಕದಲ್ಲಿ ಇನ್ನೊಬ್ಬರು ಮಲಗುತ್ತಿದ್ದರೆ ಅವರ ಹೊರಳಾಟವೂ ಅದರ ಲೆಕ್ಕಕ್ಕೆ ಸೇರಬಹುದು.

ಪಟ್ಟಿಯ ಬಿಗಿ: ಒಂದು ಕಿರುಬೆರಳು ತೂರುವಷ್ಟು ಜಾಗವಿರಲಿ, ವಾಚು ಮಾತ್ರ ಜಾರಬಾರದು. ಮಣಿಕಟ್ಟಿನ ಮೂಳೆಯಿಂದ ಒಂದು ಬೆರಳು ಮೇಲಕ್ಕೆ ಕಟ್ಟಿ. ಬಳೆ ತೊಡುವವರು ಆ ಕೈಯ ಬಳೆಗಳನ್ನು ರಾತ್ರಿ ಮಟ್ಟಿಗೆ ಹಿಂದೆ ಸರಿಸಿ ಅಥವಾ ತೆಗೆದಿಡಿ. ಬಳೆ ವಾಚಿಗೆ ತಾಗಿದರೆ ಬೆಳಕಿನ ಅಳತೆ ಕೆಡುತ್ತದೆ. ಮಣಿಕಟ್ಟಿನ ಹಚ್ಚೆಯಿಂದಲೂ ಹಾಗಾಗುತ್ತದೆ. ರಕ್ತದ ಆಮ್ಲಜನಕದ ಅಂಕಿಯನ್ನು ಕಪ್ಪು ಮೈಬಣ್ಣದವರು ಇನ್ನಷ್ಟು ಎಚ್ಚರದಿಂದ ಓದಬೇಕು. ಆಸ್ಪತ್ರೆಯ ಬೆರಳಿನ ಆಕ್ಸಿಮೀಟರ್‌ಗಳೇ ಕಪ್ಪು ಜನರಲ್ಲಿ ಕಡಿಮೆ ಆಮ್ಲಜನಕವನ್ನು ಹೆಚ್ಚು ಬಾರಿ ಗುರುತಿಸದೆ ಹೋದವು ಎಂದು 2020ರ ಅಮೆರಿಕದ ಅಧ್ಯಯನವೊಂದು ತೋರಿಸಿದೆ.

ಹೆಜ್ಜೆ 2: ನೋಟ್‌ಬುಕ್

ಈ ಹೆಜ್ಜೆಯನ್ನು ಬಿಟ್ಟರೆ ಉಳಿದದ್ದೆಲ್ಲ ವ್ಯರ್ಥ. ದಿಂಬಿನ ಪಕ್ಕ ಒಂದು ಇನ್ನೂರು ಪುಟದ ನೋಟ್‌ಬುಕ್, ಪೆನ್ನು. ಬೆರಳು ನೋಯುವವರು ಫೋನಿನಲ್ಲಿ ಧ್ವನಿ ದಾಖಲಿಸಿಕೊಂಡರೂ ಸರಿ. ಅಮ್ಮ ಹೇಳುತ್ತಿದ್ದಳು, ನಾನು ಬರೆದುಕೊಳ್ಳುತ್ತಿದ್ದೆ.

ಬೆಳಿಗ್ಗೆ ಎದ್ದ ಅರ್ಧ ಗಂಟೆಯೊಳಗೆ ಬರೆಯಬೇಕಾದವು: ದೀಪ ಆರಿಸಿದ ಸಮಯ, ಜೊಂಪು ಹತ್ತಲು ಎಷ್ಟು ಹೊತ್ತಾಯಿತು, ಎಷ್ಟು ಬಾರಿ ಎಚ್ಚರವಾಯಿತು, ಒಟ್ಟು ಎಷ್ಟು ಹೊತ್ತು ಎಚ್ಚರವಿದ್ದಿರಿ, ಎಚ್ಚರವಾದದ್ದು ನೋವಿಗೋ, ಮೂತ್ರಕ್ಕೋ, ಸೆಕೆಗೋ, ಕೊನೆಗೆ ಕಣ್ಣು ಬಿಟ್ಟದ್ದು ಎಷ್ಟಕ್ಕೆ, ಹಾಸಿಗೆ ಬಿಟ್ಟದ್ದು ಎಷ್ಟಕ್ಕೆ. ಎಲ್ಲವೂ ಅಂದಾಜು. ರಾತ್ರಿ ಗಡಿಯಾರ ನೋಡಿ ಗುರುತು ಹಾಕಿಕೊಳ್ಳಲು ಹೋಗಬೇಡಿ. ಹಾಗೆ ನೋಡುವುದೇ ನಿದ್ದೆಯನ್ನು ಓಡಿಸುತ್ತದೆ.

ಸಂಜೆ 6ಕ್ಕೆ ಬರೆಯಬೇಕಾದವು: ಆ ದಿನದ ನೋವು 0ರಿಂದ 10ರ ಅಂಕಿಯಲ್ಲಿ, ಹಗಲಿನಲ್ಲಿ ಮಲಗಿದ್ದರೆ ಎಷ್ಟು ಹೊತ್ತು, ಕಾಫಿ-ಟೀ ಕೊನೆಗೆ ಕುಡಿದದ್ದು ಯಾವಾಗ, ಹೆಚ್ಚಿನ ಓಡಾಟ ಅಥವಾ ಫಿಸಿಯೋಥೆರಪಿ ಇತ್ತೇ. ಮಾತ್ರೆಗಳ ಹೆಸರು ಮತ್ತು ಸಮಯ ಇದರ ಪಕ್ಕದಲ್ಲೇ. ಮಲಗುವ ಮುನ್ನ ಇನ್ನೊಮ್ಮೆ ನೋವಿನ ಅಂಕಿ.

ನೋವಿನ ಅಂಕಿಯನ್ನು ಬೆಳಿಗ್ಗೆ ನಿದ್ದೆಯ ಜೊತೆಗೇ ಬರೆಸದೆ ಸಂಜೆಗೆ ಇಟ್ಟಿದ್ದಕ್ಕೆ ಕಾರಣವಿದೆ. ರಾತ್ರಿ ಕೆಟ್ಟದಾಗಿ ಕಳೆದ ಬೇಸರದಲ್ಲಿ ಎರಡನ್ನೂ ಒಟ್ಟಿಗೆ ಬರೆದರೆ ಒಂದರ ಬಣ್ಣ ಇನ್ನೊಂದಕ್ಕೆ ಹತ್ತಿಕೊಳ್ಳುತ್ತದೆ. ಆಮೇಲೆ ಅವುಗಳ ನಡುವಿನ ಸಂಬಂಧ ಹುಡುಕಿದರೆ ಸಿಗುವುದು ನಮ್ಮದೇ ಬೇಸರ.

ಇನ್ನೊಂದು ನಿಯಮ: ನೋಟ್‌ಬುಕ್ ಬರೆದು ಮುಗಿಸುವ ತನಕ ವಾಚಿನ ಅಂಕಿ ನೋಡಬಾರದು. ಬೆಳಗಿನ ನೋಟಿಫಿಕೇಶನ್ ಆಫ್ ಮಾಡಿ. ವಾಚು ಒಮ್ಮೆ "82 ಅಂಕ" ಎಂದಿತೆಂದರೆ ನೆನಪು ಅದಕ್ಕೆ ತಕ್ಕಂತೆ ತಿರುಗಿಬಿಡುತ್ತದೆ.

ಹೆಜ್ಜೆ 3: 14 ರಾತ್ರಿ ಏನನ್ನೂ ಬದಲಿಸಬೇಡಿ

ಹೊಸ ದಿಂಬು, ಹೊಸ ಕಷಾಯ, ಹೊಸ ವ್ಯಾಯಾಮ ಯಾವುದೂ ಬೇಡ. ಇದ್ದದ್ದು ಇದ್ದ ಹಾಗೆ ನಡೆಯಲಿ. ವೈದ್ಯಕೀಯ ಆಕ್ಟಿಗ್ರಫಿಯನ್ನೂ ಕನಿಷ್ಠ 3 ದಿನದಿಂದ 14 ದಿನದವರೆಗೆ ಮಾಡುತ್ತಾರೆ. ನೋವು ಏರಿಳಿಯುವ ಕಾಯಿಲೆಯಾದ್ದರಿಂದ ನಮಗೆ ಪೂರ್ತಿ ಎರಡು ವಾರ ಬೇಕು. ಮದುವೆ, ಪ್ರಯಾಣ, ಜ್ವರ ಬಂದ ರಾತ್ರಿಗಳಿಗೆ ನಕ್ಷತ್ರ ಹಾಕಿ, ಲೆಕ್ಕದಿಂದ ಬಿಟ್ಟು, ಅಷ್ಟೇ ರಾತ್ರಿ ಮುಂದಕ್ಕೆ ಸೇರಿಸಿ. ಚಾರ್ಜಿಂಗ್ ಸಂಜೆ ಸ್ನಾನದ ಹೊತ್ತಿಗೆ ಆಗಲಿ.

ಹೆಜ್ಜೆ 4: ನಾಲ್ಕೇ ಅಂಕಿ

ಆ್ಯಪ್ ಹತ್ತಾರು ಅಂಕಿ ತೋರಿಸುತ್ತದೆ. ನಿದ್ದೆಯ ಸ್ಕೋರ್, ಹಂತಗಳ ಬಣ್ಣದ ಪಟ್ಟಿ ಎಲ್ಲ ಬಿಡಿ. ನಿದ್ದೆ ಹತ್ತಲು ಹಿಡಿದ ಸಮಯ, ನಡುವೆ ಎಚ್ಚರವಿದ್ದ ಸಮಯ, ಒಟ್ಟು ನಿದ್ದೆ, ಹಾಸಿಗೆಯಲ್ಲಿದ್ದ ಹೊತ್ತಿನಲ್ಲಿ ನಿದ್ದೆಯ ಪಾಲು. ಇಷ್ಟು ಸಾಕು.

ನೋಟ್‌ಬುಕ್ಕಿನ ಒಂದು ರಾತ್ರಿಯ ಲೆಕ್ಕ ಮಾಡಿ ತೋರಿಸುತ್ತೇನೆ. ದೀಪ ಆರಿಸಿದ್ದು 10:30ಕ್ಕೆ. ಜೊಂಪು ಹತ್ತಿದ್ದು 11:15ಕ್ಕೆ. ನಡುವೆ ಒಮ್ಮೆ 50 ನಿಮಿಷ, ಇನ್ನೊಮ್ಮೆ 20 ನಿಮಿಷ ಎಚ್ಚರ. ಕೊನೆಗೆ ಕಣ್ಣು ಬಿಟ್ಟದ್ದು 5:45ಕ್ಕೆ, ಎದ್ದದ್ದು 6:15ಕ್ಕೆ. ಹಾಸಿಗೆಯಲ್ಲಿ ಇದ್ದದ್ದು 465 ನಿಮಿಷ. 11:15ರಿಂದ 5:45ಕ್ಕೆ 390 ನಿಮಿಷ. ಅದರಲ್ಲಿ ಎಚ್ಚರದ 70 ಕಳೆದರೆ ನಿದ್ದೆ 320 ನಿಮಿಷ. 320ನ್ನು 465ರಿಂದ ಭಾಗಿಸಿದರೆ ಸುಮಾರು ಶೇ 69. ಶೇ 85ಕ್ಕಿಂತ ಮೇಲಿದ್ದರೆ ಚೆನ್ನಾಗಿದೆ ಎನ್ನುವುದು ವಾಡಿಕೆ. ಅದೇ ರಾತ್ರಿಗೆ ವಾಚು 385 ನಿಮಿಷ ನಿದ್ದೆ, ಶೇ 83 ಎಂದಿತು ಅಂದುಕೊಳ್ಳಿ. ಎರಡರ ಅಂತರ 65 ನಿಮಿಷ. ಈ ಅಂತರವನ್ನು ಪ್ರತಿ ರಾತ್ರಿಯ ಸಾಲಿನ ಕೊನೆಯಲ್ಲಿ ಬರೆಯಿರಿ.

ಹೆಜ್ಜೆ 5: ಅಂತರವನ್ನು ಓದುವುದು

ನನ್ನ ಮಟ್ಟಿಗೆ ಇಡೀ ಕೆಲಸದ ತಿರುಳು ಇಲ್ಲಿದೆ. 14 ರಾತ್ರಿಗಳನ್ನು ಮಲಗುವಾಗಿನ ನೋವಿನ ಪ್ರಕಾರ ಎರಡು ಗುಂಪು ಮಾಡಿ. ನೋವು 4 ಅಥವಾ ಕಡಿಮೆ ಇದ್ದವು ಒಂದು, 6 ಅಥವಾ ಹೆಚ್ಚಿದ್ದವು ಇನ್ನೊಂದು. ನಡುವಿನವನ್ನು ಬಿಡಿ. ಪ್ರತಿ ಗುಂಪಿನಲ್ಲಿ ಅಂತರದ ಸರಾಸರಿ ತೆಗೆಯಿರಿ.

ಎರಡರಲ್ಲೂ ಅಂತರ ಹೆಚ್ಚುಕಡಿಮೆ ಒಂದೇ ಇದ್ದರೆ ವಾಚು ಯಾವಾಗಲೂ ಒಂದೇ ಅಳತೆಯಲ್ಲಿ ಹೆಚ್ಚು ತೋರಿಸುತ್ತಿದೆ ಎಂದಾಯಿತು. ಅಂಥ ವಾಚಿನ ಏರಿಳಿತವನ್ನು ನಂಬಬಹುದು. ನೋವು ಹೆಚ್ಚಿದ ರಾತ್ರಿಗಳಲ್ಲಿ ಅಂತರವೂ ದೊಡ್ಡದಾದರೆ, ನೋವಿನ ರಾತ್ರಿಗಳಿಗೇ ವಾಚು ಇಲ್ಲದ ನಿದ್ದೆಯನ್ನು ಸೇರಿಸುತ್ತಿದೆ. ನೋವಿನಿಂದ ನಿದ್ದೆ ಎಷ್ಟು ಕೆಡುತ್ತಿದೆ ಎಂದು ನಾವು ಹುಡುಕುತ್ತಿರುವ ಸಂಗತಿಯನ್ನೇ ಅದು ಮುಚ್ಚಿಹಾಕುತ್ತದೆ. ಅಮ್ಮನ ವಿಷಯದಲ್ಲಿ ಆಗಿದ್ದು ಇದೇ. ಹೀಗಾದಾಗ ನಿದ್ದೆಯ ಒಟ್ಟು ಹೊತ್ತಿಗೆ ನೋಟ್‌ಬುಕ್ಕನ್ನೇ ಆಧಾರ ಮಾಡಿಕೊಳ್ಳಿ. ಮಲಗುವ-ಏಳುವ ಸಮಯದ ಕ್ರಮಬದ್ಧತೆ, ಹೊರಳಾಟದ ಗುರುತು, ಹೃದಯ ಬಡಿತ, ಇವಿಷ್ಟನ್ನು ವಾಚಿನಿಂದ ತೆಗೆದುಕೊಳ್ಳಿ.

ನೋಟ್‌ಬುಕ್ಕೂ ಪೂರ್ತಿ ಸತ್ಯವಲ್ಲ. ನಿದ್ರಾಹೀನತೆ ಇರುವವರು ತಾವು ಮಲಗಿದ ಹೊತ್ತನ್ನು ಕಡಿಮೆ ಅಂದಾಜಿಸುವುದು ಸಾಮಾನ್ಯ. ನಡುನಡುವೆ ಹತ್ತಿದ ಜೊಂಪು ನೆನಪಿನಲ್ಲಿ ಉಳಿಯುವುದಿಲ್ಲ. ಗೊಂದಲವಾದ ರಾತ್ರಿ ಹೃದಯ ಬಡಿತದ ಗೆರೆ ನೋಡಿ. ನಿದ್ದೆ ಹತ್ತಿದಂತೆ ಬಡಿತ ನಿಧಾನವಾಗಿ ಇಳಿಯುತ್ತದೆ. "2ರಿಂದ 3 ಎಚ್ಚರವಿದ್ದೆ" ಎಂದ ಹೊತ್ತಿನಲ್ಲಿ ಗೆರೆ ಮೇಲೆದ್ದು ನಿಂತಿದ್ದರೆ, ವಾಚು ಅದನ್ನು ನಿದ್ದೆ ಎಂದು ಬಣ್ಣ ಬಳಿದಿದ್ದರೂ ಮಲಗಿದವರ ಮಾತಿಗೇ ತೂಕ ಹೆಚ್ಚು.

ಔಷಧಿಗಳೂ ಅಂಕಿಗಳನ್ನು ಅಲುಗಿಸುತ್ತವೆ. ನೋವಿಗೆ ಕೊಡುವ ಮಾತ್ರೆಗಳಲ್ಲಿ ಅಮಿಟ್ರಿಪ್ಟಿಲಿನ್ ಕನಸಿನ ನಿದ್ದೆಯನ್ನು ಕಡಿಮೆ ಮಾಡುತ್ತದೆ, ಹೃದಯ ಬಡಿತ ಏರಿಸಬಹುದು. ಪ್ರೀಗ್ಯಾಬಲಿನ್ ಗಾಢ ನಿದ್ದೆಯನ್ನು ಹೆಚ್ಚಿಸಬಲ್ಲದು. ಡುಲಾಕ್ಸೆಟಿನ್‌ನಿಂದ ಕೆಲವರಿಗೆ ನಿದ್ದೆ ಬರುವುದಿಲ್ಲ. ಪ್ರೊಪ್ರನೊಲಾಲ್‌ನಂಥವು ಬಡಿತವನ್ನು ಇಳಿಸುತ್ತವೆ. ಮಾತ್ರೆ ಅಥವಾ ಅದರ ಪ್ರಮಾಣ ಬದಲಾದ ದಿನ ನೋಟ್‌ಬುಕ್ಕಿನಲ್ಲಿ ಅಡ್ಡಗೆರೆ ಎಳೆಯಿರಿ. ಗೆರೆಯ ಹಿಂದಿನ ರಾತ್ರಿಗಳನ್ನು ಮುಂದಿನವುಗಳ ಜೊತೆ ಬೆರೆಸಬೇಡಿ. ಅಂಕಿ ನೋಡಿ ನೀವಾಗಿಯೇ ಮಾತ್ರೆ ನಿಲ್ಲಿಸುವುದಂತೂ ಬೇಡವೇ ಬೇಡ.

ಹೆಜ್ಜೆ 6: ಯಾವುದು ಮುಂದೆ, ಯಾವುದು ಹಿಂದೆ

ನೋವಿನಿಂದ ನಿದ್ದೆ ಕೆಡುತ್ತದೆ ಎಂಬುದು ಎಲ್ಲರಿಗೂ ಗೊತ್ತು. ನಿದ್ದೆ ಕೆಟ್ಟರೆ ಮರುದಿನ ನೋವು ಹೆಚ್ಚುತ್ತದೆ ಎಂಬ ಎದುರು ದಾರಿಯೂ ಇದೆ. ಪ್ಯಾಟ್ರಿಕ್ ಫೈನಾನ್ ಮತ್ತು ಸಂಗಡಿಗರು 2013ರಲ್ಲಿ ಬರೆದ ವಿಮರ್ಶೆಯ ಪ್ರಕಾರ ಈ ಎರಡನೆಯ ದಾರಿಯೇ ಹೆಚ್ಚು ಬಲವಾದದ್ದು.

ನಿಮ್ಮ ಮನೆಯಲ್ಲಿ ಯಾವ ದಾರಿ ಬಲವಾಗಿದೆ ಎಂದು ನೋಡಲು ಒಂದೇ ಹಾಳೆಯಲ್ಲಿ ಎರಡು ಕಂಬಸಾಲು ಬರೆಯಿರಿ. ಮೊದಲು ಇಂದಿನ ಸಂಜೆಯ ನೋವಿನ ಎದುರು ಇಂದಿನ ರಾತ್ರಿಯ ನಿದ್ದೆ. ಆಮೇಲೆ ನೋವಿನ ಸಾಲನ್ನು ಒಂದು ಮನೆ ಜರುಗಿಸಿ, ಇಂದಿನ ರಾತ್ರಿಯ ನಿದ್ದೆಯ ಎದುರು ನಾಳೆ ಸಂಜೆಯ ನೋವು ಬರುವಂತೆ ಇಡಿ. ಈ ಎರಡನೆಯ ಜೋಡಣೆಯಲ್ಲಿ ಹೆಚ್ಚು ನಿದ್ದೆಯ 7 ರಾತ್ರಿಗಳನ್ನೂ ಕಡಿಮೆ ನಿದ್ದೆಯ 7 ರಾತ್ರಿಗಳನ್ನೂ ಬೇರೆ ಮಾಡಿ, ಮರುಸಂಜೆಯ ನೋವಿನ ಸರಾಸರಿ ಹೋಲಿಸಿ. ನೋವಿನ ಅಧ್ಯಯನಗಳಲ್ಲಿ ಸುಮಾರು 2 ಅಂಕದ ಅಥವಾ ಶೇ 30ರ ವ್ಯತ್ಯಾಸವನ್ನು ರೋಗಿಗೆ ನಿಜವಾಗಿ ಅನುಭವಕ್ಕೆ ಬರುವ ಬದಲಾವಣೆ ಎಂದು ಎಣಿಸುತ್ತಾರೆ. ಅರ್ಧ ಅಂಕದ ಅಂತರ ಕಂಡರೆ ಅದರ ಹಿಂದೆ ಓಡಬೇಡಿ. 14 ರಾತ್ರಿಯ ಲೆಕ್ಕ ಸುಳಿವು ಕೊಡುತ್ತದೆ, ಸಾಬೀತು ಮಾಡುವುದಿಲ್ಲ.

ಬದಲಾವಣೆ ಮಾಡಿ ನೋಡುವುದಾದರೆ ಒಂದು ಬಾರಿಗೆ ಒಂದೇ. ಮೊಣಕಾಲುಗಳ ನಡುವೆ ದಿಂಬು, ದಿನವೂ ಒಂದೇ ಹೊತ್ತಿಗೆ ಏಳುವುದು, ಮಧ್ಯಾಹ್ನದ ನಿದ್ದೆಯನ್ನು ಅರ್ಧ ಗಂಟೆಗೆ ಇಳಿಸುವುದು, ಹೀಗೆ ಯಾವುದಾದರೂ ಒಂದನ್ನು ಎರಡು ವಾರ ಮಾಡಿ, ಅದೇ ನಾಲ್ಕು ಅಂಕಿಗಳನ್ನು ಹೋಲಿಸಿ. ಹಾಸಿಗೆಯಲ್ಲಿರುವ ಹೊತ್ತನ್ನೇ ಕಡಿತಗೊಳಿಸುವ ನಿದ್ರಾಹೀನತೆಯ ಚಿಕಿತ್ಸೆಯೊಂದಿದೆ. ಪರಿಣಾಮಕಾರಿ, ಆದರೆ ಅದನ್ನು ತಿಳಿದವರ ಮೇಲ್ವಿಚಾರಣೆಯಲ್ಲೇ ಮಾಡಬೇಕು.

ಯಾವಾಗ ವಾಚು ಬಿಚ್ಚಬೇಕು, ಯಾವಾಗ ತಡಮಾಡದೆ ಹೋಗಬೇಕು

ಅಂಕಿ ಸರಿಯಾಗಲೇಬೇಕೆಂಬ ಹಂಬಲದಲ್ಲೇ ನಿದ್ದೆ ಕಳೆದುಕೊಳ್ಳುವವರಿದ್ದಾರೆ. 2017ರಲ್ಲಿ ಅಮೆರಿಕದ ಸಂಶೋಧಕರು ಇದಕ್ಕೆ ಆರ್ಥೊಸೋಮ್ನಿಯಾ ಎಂದು ಹೆಸರಿಟ್ಟರು. ಬೆಳಿಗ್ಗೆ ಎದ್ದೊಡನೆ ಎದೆ ಢವಗುಟ್ಟುತ್ತ ಆ್ಯಪ್ ತೆರೆಯುವಂತಾದರೆ ವಾಚು ಬಿಚ್ಚಿಡಿ, ನೋಟ್‌ಬುಕ್ಕನ್ನು ಮಾತ್ರ ಮುಂದುವರಿಸಿ. 14 ರಾತ್ರಿ ಮುಗಿದ ಮೇಲೆ ಎಲ್ಲರೂ ಬಿಚ್ಚಿಡುವುದೇ ಸರಿ. ಮತ್ತೆ ಬೇಕಾದಾಗ ಕಟ್ಟಿಕೊಳ್ಳಬಹುದು.

ಟ್ರಮಡಾಲ್, ಟ್ಯಾಪೆಂಟಡಾಲ್, ಮಾರ್ಫಿನ್‌ನಂಥ ಬಲವಾದ ನೋವುನಿವಾರಕ ಮಾತ್ರೆ ತೆಗೆದುಕೊಳ್ಳುವವರು ರಾತ್ರಿ ಉಸಿರು ನಿಲ್ಲಿಸಿದಂತೆ ಕಂಡರೆ, ಜೋರು ಗೊರಕೆಯ ನಡುವೆ ಉಸಿರು ಕಟ್ಟಿದಂತೆ ಏಳುತ್ತಿದ್ದರೆ, 14 ರಾತ್ರಿ ಕಾಯಬೇಡಿ, ವೈದ್ಯರನ್ನು ಕಾಣಿ. ಇವುಗಳ ಜೊತೆ ಪ್ರೀಗ್ಯಾಬಲಿನ್, ಗ್ಯಾಬಪೆಂಟಿನ್ ಅಥವಾ ಮದ್ಯ ಸೇರಿದರೆ ಉಸಿರಾಟ ಇನ್ನಷ್ಟು ಕುಗ್ಗುತ್ತದೆ. ಸ್ಯಾಮ್ಸಂಗ್ ಮತ್ತು ಆ್ಯಪಲ್ ವಾಚುಗಳ ಉಸಿರುಗಟ್ಟುವಿಕೆಯ ಎಚ್ಚರಿಕೆಗೆ 2024ರಲ್ಲಿ ಅಮೆರಿಕದ ಅನುಮತಿ ಸಿಕ್ಕಿದೆ. ಆದರೆ ವಾಚು ಸುಮ್ಮನಿದೆ ಎಂಬ ಕಾರಣಕ್ಕೆ ನೀವು ಸುಮ್ಮನಿರಬೇಡಿ. ಸಂಜೆಯಾದಂತೆ ಕಾಲು ಜುಮುಗುಟ್ಟಿ ಆಡಿಸದೆ ಇರಲಾಗದಿದ್ದರೆ ಅದನ್ನೂ ಹೇಳಿ, ರಕ್ತದಲ್ಲಿನ ಕಬ್ಬಿಣದ ಪರೀಕ್ಷೆ ಬೇಕಾಗಬಹುದು. ನೋವು, ನಿದ್ದೆಗೇಡು ಸೇರಿ ಬದುಕೇ ಬೇಡವೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತನಾಡಬಹುದು, ಕರೆ ಉಚಿತ.

ವೈದ್ಯರ ಕೈಗೆ ಏನು ಕೊಡಬೇಕು

ಫೋನ್ ಚಾಚಿ ಮೂವತ್ತು ಗ್ರಾಫ್ ತೋರಿಸಬೇಡಿ. ಹೊರರೋಗಿ ವಿಭಾಗದಲ್ಲಿ ಅಷ್ಟು ಹೊತ್ತು ಯಾರಿಗೂ ಇರುವುದಿಲ್ಲ. ಒಂದೇ ಹಾಳೆ ಸಾಕು. ಮೇಲೆ ಔಷಧಿಗಳ ಹೆಸರು, ಪ್ರಮಾಣ, ತೆಗೆದುಕೊಳ್ಳುವ ಸಮಯ. ಕೆಳಗೆ ನಾಲ್ಕು ಅಂಕಿಗಳ ಸರಾಸರಿ, ನೋಟ್‌ಬುಕ್ಕಿನದು ಒಂದು ಸಾಲು, ವಾಚಿನದು ಇನ್ನೊಂದು. ಅದರ ಕೆಳಗೆ ಎಚ್ಚರವಾಗುವ ಹೊತ್ತು ಮತ್ತು ಕಾರಣ. ಕೊನೆಗೆ ನಿಮ್ಮ ಒಂದು ಪ್ರಶ್ನೆ.

ಅಮ್ಮನ ಹಾಳೆಯಲ್ಲಿ 14 ರಾತ್ರಿಗಳಲ್ಲಿ 11 ಬಾರಿ ಎರಡೂವರೆ-ಮೂರರ ನಡುವೆ ಎಚ್ಚರ, ಕಾರಣ ಭುಜ. ನೋವಿನ ಮಾತ್ರೆ ತೆಗೆದುಕೊಳ್ಳುತ್ತಿದ್ದದ್ದು ಸಂಜೆ 7ಕ್ಕೆ, ಊಟದ ಜೊತೆ. ಈ ಎರಡು ಸಾಲುಗಳನ್ನು ವೈದ್ಯರು ಪೆನ್ನಿನಿಂದ ಒಂದು ಗೆರೆ ಎಳೆದು ಜೋಡಿಸಿದರು. ಮಾತ್ರೆಯ ಹೊತ್ತನ್ನು ಬದಲಿಸಿ, ಎಡ ಮಗ್ಗುಲಿಗೆ ಮಲಗುವಾಗ ತೋಳಿನ ಕೆಳಗೆ ಮಡಿಸಿದ ಹೊದಿಕೆ ಇಡಲು ಹೇಳಿ, ಇನ್ನೆರಡು ವಾರದ ಹಾಳೆ ತರಲು ತಿಳಿಸಿದರು. ಆ ಹಾಳೆಯಲ್ಲಿ ಎರಡೂವರೆ-ಮೂರರ ನಡುವಿನ ಎಚ್ಚರ 5 ರಾತ್ರಿಗೆ ಇಳಿದಿತ್ತು. ವಾಚು ಮಾತ್ರ ಎರಡೂ ಸಲ ಹೆಚ್ಚುಕಡಿಮೆ ಅದೇ ಏಳೂವರೆ ಗಂಟೆಯನ್ನು ತೋರಿಸುತ್ತಿತ್ತು.